ಸಾಲ ತೀರಿಸಿದ್ದಕ್ಕೆ ಬೈಸಿಕೊಂಡ ಚಿಕ್ಕತಾಯಮ್ಮ

ಇದನ್ನು ಟೈಪ್ ಮಾಡುವಾಗಲೂ ಸಿಟ್ಟು ನೆತ್ತಿಗೇರುತ್ತಿದೆ... ಓದಿ. ಬ್ಯಾಂಕಿನಲ್ಲಿರುವ ನಿಮ್ಮ ಸ್ನೇಹಿತರಿಗೂ ಕಳಿಸಿ.

ಆಗ ನಾನು ಕೊಳ್ಳೇಗಾಲದ ಕಡೆ ಒಂದು ಬ್ಯಾಂಕಿನಲ್ಲಿ ಲೋನ್ ಆಫೀಸರ್. ಎಸಿ ರೂಮು, ತಿರುಗೋ ಕುರ್ಚಿ, ಎದುರಿಗೆ ಕಂಪ್ಯೂಟರ್...

ಸಂಕ್ರಾಂತಿ ಕಳೆದ ವಾರ ಚಿಕ್ಕತಾಯಮ್ಮ ಅನ್ನುವ ಹೆಂಗಸು ಬಂದರು. ಐವತ್ತೆರಡು ವರ್ಷ. ಮೊಪೆಡ್ ಹಿಂದೆ ಸೀರೆ ಗಂಟು ಕಟ್ಟಿಕೊಂಡು, ಹಳ್ಳಿ ಹಳ್ಳಿ ಸುತ್ತಿ, ಕಂತಿನ ಮೇಲೆ ಸೀರೆ ಮಾರುತ್ತಿದ್ದರು.

ಇಪ್ಪತ್ತೊಂದು ವರ್ಷದಿಂದ ಬಾಡಿಗೆಗಿದ್ದ ಎರಡು ಕೋಣೆಯ ಮನೆಯನ್ನು ಮಾಲೀಕರು ಪುಟ್ಟಮಾದಯ್ಯ ಮಾರಲು ಹೊರಟಿದ್ದರು. ಯುಗಾದಿವರೆಗೆ ಕಾಯ್ತೀನಿ, ಮೊದಲು ನಿನಗೇ ಅಂದಿದ್ದರಂತೆ.

ಒಂಬತ್ತು ಲಕ್ಷ. ನಾಲ್ಕು ಲಕ್ಷ ಆಕೆ ಕೂಡಿಟ್ಟಿದ್ದರು. ಉಳಿದ ಐದಕ್ಕೆ ನಮ್ಮ ಬಾಗಿಲಿಗೆ ಬಂದಿದ್ದರು.

ಖಾತೆ, ಪತ್ರ ಎಲ್ಲ ಸರಿಯಾಗಿತ್ತು. ಹಳೇ ಸಾಲ ಹೇಗೆ ತೀರಿಸಿದ್ದಾರೆ ಅಂತ ತೋರಿಸುವ ಸಿಬಿಲ್ ಸ್ಕೋರ್ ತೆಗೆದೆ... ಮೈನಸ್ ಒಂದು.

"ಸೊನ್ನೆಗಿಂತ್ಲೂ ಕಮ್ಮಿನಾ ಸಾ? ನಾನೇನ್ ತಪ್ಪು ಮಾಡಿದ್ದೀನಿ?"

"ತಪ್ಪೇನೂ ಮಾಡಿಲ್ಲಮ್ಮ. ನೀವು ಇದುವರೆಗೂ ಒಂದು ಸಾಲಾನೂ ಮಾಡಿಲ್ಲ. ಅದಕ್ಕೇ ನಿಮಗೆ ಕೊಡೋಕೆ ಆಗಲ್ಲ."

ನೋಡಿ ನಮ್ಮ ನ್ಯಾಯ... ಅದೇ ವಾರ, ಎರಡು ಕಾರಿನ ಸಾಲ ಇದ್ದವನಿಗೆ ಮೂರನೇ ಕಾರಿಗೆ ಅರ್ಧ ದಿನದಲ್ಲಿ ಸಹಿ ಹಾಕಿದ್ದೆ. ಕಾಫಿ ಬೇರೆ ತರಿಸಿಕೊಟ್ಟಿದ್ದೆ.

ಚಿಕ್ಕತಾಯಮ್ಮನಿಗೆ ಕೊಟ್ಟಿದ್ದು ಪುಕ್ಕಟೆ ಸಲಹೆ. "ಏನಾದ್ರೂ ಒಂದು ಸಾಮಾನು ಇಎಂಐನಲ್ಲಿ ತಗೊಳ್ಳಿ. ಎಂಟು ಹತ್ತು ತಿಂಗಳು ಕಟ್ಟಿ. ಆಮೇಲೆ ಬನ್ನಿ."

ಪಾಪ, ಆಕೆ ನಂಬಿದರು... ಪುಟ್ಟಮಾದಯ್ಯನವರ ಕೈಕಾಲು ಹಿಡಿದು ದೀಪಾವಳಿವರೆಗೆ ಗಡುವು ಪಡೆದರು. ಬೇಡವಾಗಿದ್ದ ಒಂದು ಫ್ರಿಜ್ಜನ್ನು ಹತ್ತು ಕಂತಿಗೆ ಮನೆಗೆ ತಂದರು.

ದೀಪಾವಳಿಗೆ ಎರಡು ವಾರ ಇದೆ ಅನ್ನುವಾಗ ನಗುನಗುತ್ತಾ ಮತ್ತೆ ಬಂದರು. ನಾನು ಮತ್ತೆ ಸ್ಕೋರ್ ತೆಗೆದೆ.

ಏನೂ ಮೂಡಿರಲಿಲ್ಲ... ಎರಡನೇ ತಿಂಗಳೇ ಉಳಿದ ಒಂಬತ್ತು ಕಂತನ್ನೂ ಒಟ್ಟಿಗೆ ಕಟ್ಟಿ, ಆ ಸಾಲವನ್ನೇ ಮುಗಿಸಿಬಿಟ್ಟಿದ್ದರು. ಸ್ಕೋರ್ ಮೂಡಲು ಆರು ತಿಂಗಳಾದರೂ ಕಟ್ಟುತ್ತಿರಬೇಕಿತ್ತು.

ನನಗೆ ರೇಗಿಹೋಯಿತು. "ಯಾರ್ರೀ ನಿಮಗೆ ತೀರಿಸೋಕೆ ಹೇಳಿದ್ದು? ಅಷ್ಟೂ ಬುದ್ಧಿ ಬೇಡ್ವಾ?"

ರೂಮಿನ ಬಾಗಿಲು ತೆರೆದೇ ಇತ್ತು. ಕ್ಯಾಶ್ ಕೌಂಟರಿನ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಬಾಕಿ ಇಟ್ಕೊಂಡು ಊಟ ಸೇರ್ಲಿಲ್ಲ ಸಾ... ಆ ತಿಂಗ್ಳು ಸೀರೆ ಕಂತಿನ ದುಡ್ಡು ಚೆನ್ನಾಗಿ ಬಂತು, ಕಟ್ಬುಟ್ಟೆ."

ಬ್ಯಾಂಕಿನ ಕುರ್ಚಿಯಲ್ಲಿ ಕೂತು, ಸಾಲ ತೀರಿಸಿದ್ದಕ್ಕೆ ಒಬ್ಬ ಹೆಂಗಸನ್ನು ಬೈದ ಮನುಷ್ಯ ನಾನು. ಥೂ, ನನ್ನ ಜನ್ಮಕ್ಕೆ.

ಆಕೆ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು.

"ನಾನೂ ನೂರಾರು ಮನೆಗೆ ಸಾಲದ ಮೇಲೆ ಸೀರೆ ಕೊಡ್ತೀನಿ ಸಾ. ಕೊಡೋಕ್ ಮುಂಚೆ ಅವ್ರ ಜಗಲಿ ಮೇಲೆ ಕೂತು ನಾಕ್ ಮಾತಾಡ್ತೀನಿ. ನಮ್ಮನೆ ತಾವ ನೀವು ಒಂದ್ ಸಲನಾದ್ರೂ ಬಂದಿದ್ರಾ?"

ಆ ಮಾತು ಚುಚ್ಚಿತು... ಆದರೆ ಎದ್ದು ಹೋಗೋಕೆ ಅಹಂಕಾರ ಬಿಡಬೇಕಲ್ಲ. ಐದು ದಿನ ಸುಮ್ಮನಿದ್ದೆ. ಆರನೇ ದಿನ ಬೈಕ್ ತೆಗೆದೆ. ಆಕೆ ಸೀರೆ ಮಾರಲು ಹೋಗಿದ್ದರು, ಮಾಲೀಕರ ಮನೆ ಬಾಗಿಲು ತಟ್ಟಿದೆ.

ಪುಟ್ಟಮಾದಯ್ಯ ಒಳಗಿಂದ ಹಳೇ ಕ್ಯಾಲೆಂಡರುಗಳ ಸುರುಳಿ ತಂದು ನನ್ನ ಮುಂದೆ ಹಾಕಿದರು. ಪ್ರತಿ ತಿಂಗಳೂ ಬಾಡಿಗೆ ಬಂದ ದಿನಕ್ಕೆ ಗುಂಡಗೆ ಗೆರೆ ಎಳೆದಿದ್ದರು.

"ಅವ್ಳ ಗಂಡ ಸತ್ತ ತಿಂಗಳೂ ಐದನೇ ತಾರೀಕು ದಾಟ್ಲಿಲ್ಲ ಸ್ವಾಮಿ. ಇನ್ನೇನ್ ಬೇಕು ನಿಮ್ಗೆ?"

ಬ್ರಾಂಚಿಗೆ ವಾಪಸ್ ಬಂದು ನಿಯಮ ಹುಡುಕಿದೆ. ನನ್ನದೇ ಇನ್‌ಬಾಕ್ಸಿನಲ್ಲಿತ್ತು, ಹೆಡ್ ಆಫೀಸಿನ ಸರ್ಕ್ಯುಲರ್. ತಿಂಗಳುಗಟ್ಟಲೆ ಹಿಂದೆ ಬಂದದ್ದು. ತೆರೆದೇ ಇರಲಿಲ್ಲ.

ಮೊದಲ ಸಲ ಸಾಲ ಕೇಳುವವರನ್ನು, ಹಿಂದೆ ಸಾಲ ಮಾಡಿಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು... ಬಾಡಿಗೆ, ಕರೆಂಟ್ ಬಿಲ್ಲು, ವ್ಯಾಪಾರ ನೋಡಿ ನಿರ್ಧಾರ ಮಾಡಿ... ಅಷ್ಟೇ ಇದ್ದದ್ದು. ಎರಡು ನಿಮಿಷದ ಓದು.

ಅಂದರೆ ಆ ಫ್ರಿಜ್ಜೂ ಬೇಕಿರಲಿಲ್ಲ, ಆ ತಿಂಗಳುಗಳ ಕಾಯುವಿಕೆಯೂ ಬೇಕಿರಲಿಲ್ಲ. ಸಂಕ್ರಾಂತಿಯ ವಾರವೇ ಫೈಲು ಕಳಿಸಬಹುದಿತ್ತು.

ಅವತ್ತೇ ಆಕೆಯ ಫೈಲು ಬರೆದು ಹೆಡ್ ಆಫೀಸಿಗೆ ಕಳಿಸಿದೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕಾಡಿದೆ. ದೀಪಾವಳಿ ಕಳೆದ ನಾಲ್ಕನೇ ದಿನ ಸಾಲ ಮಂಜೂರಾಯಿತು.

ಪತ್ರ ಹಿಡಿದು ಓಡಿದೆ... ಚಿಕ್ಕತಾಯಮ್ಮ ಬೀದಿಯಲ್ಲಿ ಪಾತ್ರೆಗಳನ್ನು ಆಟೋಗೆ ತುಂಬುತ್ತಿದ್ದರು. ಪುಟ್ಟಮಾದಯ್ಯನವರಿಗೂ ದುಡ್ಡಿನ ತುರ್ತಿತ್ತು. ಮನೆ ಹಿಂದಿನ ದಿನ ಬೇರೆಯವರಿಗೆ ರಿಜಿಸ್ಟರ್ ಆಗಿತ್ತು.

"ಲೋನ್ ಆಯ್ತಮ್ಮ" ಅಂದೆ.

"ಮನೆನೇ ಇಲ್ವಲ್ಲ ಸಾ" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ನಾನು ಎಲ್ಲ ಹೇಳಿಬಿಟ್ಟೆ. ನಿಯಮ ಇತ್ತು, ನಾನೇ ಓದಿರಲಿಲ್ಲ ಅಂತ. ಆಕೆ ಕೈಯಲ್ಲಿದ್ದ ಪಾತ್ರೆಯನ್ನು ಆಟೋದಲ್ಲಿಟ್ಟರು.

ಆಮೇಲೆ ಕೈ ಚಾಚಿದರು. "ಆ ರೂಲ್ಸಿನ ಕಾಗ್ದ ಕೊಡಿ ಸಾ... ನಾನ್ ಸೀರೆ ಕೊಡೋ ಮನೆಗಳಲ್ಲಿ ಮನೆ ಕಟ್ಬೇಕು ಅಂತ ಬ್ಯಾಂಕಿಗೆ ಅಲೆಯೋವ್ರು ಇನ್ನೂ ಏಳೆಂಟ್ ಜನ ಅವ್ರೆ. ಅವ್ರಿಗೆ ತೋರುಸ್ತೀನಿ. ಅವ್ರಿಗಾದ್ರೂ ನೀವು ಇಲ್ಲ ಅನ್ಬೇಡಿ."

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ನಾನು ಬೀದಿಯಲ್ಲಿ ನಿಂತು ಅತ್ತೆ...

ಒಬ್ಬರನ್ನು ನಂಬಲು ಆಗಲ್ಲ ಅನ್ನುವ ಮುಂಚೆ, ಒಂದು ಸಲ ಅವರ ಮನೆ ಬಾಗಿಲಿಗೆ ಹೋಗಿ ಬನ್ನಿ.

ಸ್ಕ್ರೀನ್ ನೋಡಿ ನೀವು "ಆಗಲ್ಲ" ಅಂತ ವಾಪಸ್ ಕಳಿಸಿದವರು ಇವತ್ತು ಎಲ್ಲಿದ್ದಾರೆ... ನಿಮಗೆ ಗೊತ್ತಾ?