ಕಾಲಿಗೆ ನೀರು

"ಒಳಗ ಎಮ್ಮಿ ಕಟ್ಟಿದ್ರೇನ್ರಿ ಸಾವ್ಕಾರ್ರ? ಡ್ರೈವರ್ ಕಾಲ ಇಡೂ ಜಾಗಾ ಅಷ್ಟ ಕೊಳತು ಹೋಗೇದ!" ವೆಲ್ಡಿಂಗ್ ಮಾಡುವ ಇಸ್ಮಾಯಿಲ್ ಬೆರಳೊತ್ತಿದಲ್ಲಿ ಹಳೆಯ ಫಿಯೆಟ್ಟಿನ ನೆಲ ಹಪ್ಪಳದಂತೆ ಮುರಿಯಿತು.

ಕಲ್ಲಣ್ಣನಿಗೂ ಅರ್ಥವಾಗಲಿಲ್ಲ. ಅಕ್ಕಲಕೋಟೆಯಿಂದ ಮರಳುವಾಗ ಅಪ್ಪ ಇದೇ ಸೀಟಿನಲ್ಲಿ ಎದೆನೋವಿನಿಂದ ತೀರಿಕೊಂಡ ಮೇಲೆ ಕಾರು ಸೊಲ್ಲಾಪುರದ ಮನೆಯ ಶೆಡ್ಡಿನಲ್ಲೇ ವರ್ಷಗಟ್ಟಲೆ ನಿಂತಿತ್ತು. ಮಳೆಯ ಹನಿಯೂ ಒಳಗೆ ಬಿದ್ದಿರಲಿಲ್ಲ. ಅದನ್ನು ಮತ್ತೆ ಓಡಿಸಬೇಕೆಂಬುದು ಅವನ ಹಟ.

ಹೊಸ ತಗಡು ಬೆಸೆದ ಸಂಜೆ ಅವನು ಸೀಟಿನಲ್ಲಿ ಕುಳಿತು ಕ್ಲಚ್ ಒತ್ತಿ ನೋಡುತ್ತಿದ್ದ. ಅವ್ವ ನೀಲಾಬಾಯಿ ತುಂಬಿದ ತಂಬಿಗೆಯೊಂದಿಗೆ ಬಂದಳು. ರೂಢಿಯ ಕೆಲಸವೆಂಬಂತೆ ಬಾಗಿಲು ತೆಗೆದು, ಹೊರಗಿನಿಂದ ಬಂದವರಿಗೆ ಕೊಡುವಂತೆ ಅವನ ಬಲಗಾಲಿನ ಮೇಲೆ ನೀರು ಸುರಿದಳು.

"ದಿನಾ ಬರೇ ತಗಡಿಗೆ ಹಾಕಿ ಹೋಗ್ತಿದ್ದೆ," ಎಂದಳು, ತಲೆ ಎತ್ತದೆ. "ಇವತ್ತರ ಬಂದ್ರಲ್ಲ."

"ಅವ್ವಾ" ಎನ್ನಲು ಬಾಯಿ ತೆರೆದ ಕಲ್ಲಣ್ಣ, ಅಪ್ಪನ ಹಾಗೆ ಎಡಗಾಲನ್ನೂ ಮುಂದಿಟ್ಟ.