ಕುಡಿಯದ ಅಳಿಯ

“ಅಳಿಯಂದ್ರೇ, ನೀವು ಕುಡಿಯಲ್ಲ. ಇವತ್ತು ಈ ಮನೆ ಉಳಿಯೋದು ಅದೊಂದರಿಂದ” ಎಂದರು ಕಾಳಯ್ಯ.

ಅನಂತರಾಜು ಬೆಚ್ಚಿಬಿದ್ದ. ಶೆಟ್ಟಿಹಳ್ಳಿಯ ಈ ಮನೆಗೆ ಮನೆಅಳಿಯನಾಗಿ ಬಂದಮೇಲೆ ಮಾವ ಅವನಿಗೆ ಬಹುವಚನ ಕೊಟ್ಟದ್ದು ಇದೇ ಮೊದಲು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿದು ಸಂಬಳ ತಂದಿಟ್ಟರೂ ಇಷ್ಟು ದಿನ ‘ಏನ್ಲಾ’ದಲ್ಲೇ ಕಾಲ ಹೋಗಿತ್ತು.

ಅಂಗಳದಲ್ಲಿ ಮಾವನ ಕಾರು ನಿಂತಿತ್ತು. ಮುಂದಿನ ಗಾಜು ಪುಡಿಯಾಗಿತ್ತು. ಬಚ್ಚಲಿನಿಂದ ಬಾಮೈದ ಸಿದ್ಧಾರ್ಥ ವಾಂತಿ ಮಾಡುವ ಸದ್ದು. ಮಧ್ಯಾಹ್ನ ಕುಣಿಗಲ್‌ನಲ್ಲಿ ಬೀಗರ ಊಟ. ಬಾಡಿನ ಜೊತೆ ಬಾಟಲಿಯೂ ಧಾರಾಳವಾಗಿತ್ತು. ಬರುವ ದಾರಿಯಲ್ಲಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗೆ ಗುದ್ದಿ, ಕಾರು ನಿಲ್ಲಿಸದೆ ಮನೆ ಸೇರಿದ್ದ ಮಹಾಶಯ.

“ಆಯಮ್ಮ ಹೆಂಗವ್ರೆ?”

“ಉಳೀಲಿಲ್ಲ. ನಾನೇ ಸ್ಕೂಟರಲ್ಲಿ ಹೋಗಿ ನೋಡ್ಕಂಡು ಬಂದೆ. ಯಾರು ಅಂತ ಪೊಲೀಸ್ನೋರಿಗೆ ಇನ್ನೂ ಗೊತ್ತಿಲ್ಲ. ಆದ್ರೆ ಕಾರಿನ ನಂಬರು ಯಾರೋ ಬರ್ಕೊಂಡವ್ರೆ.”

ಕಾಳಯ್ಯ ದನಿ ತಗ್ಗಿಸಿದರು. “ಇವನ ಬಾಯಿಗೆ ಮಿಷನ್ ಇಟ್ರೆ ಜೈಲೇ. ಅದು ಹಾಳಾಗ್ಲಿ, ಕುಡಿದು ಓಡಿಸ್ದ ಅಂತ ಆದ್ರೆ ಇನ್ಶೂರೆನ್ಸ್‌ನೋರು ಸತ್ತೋರ ಕಡೆಯೋರಿಗೆ ಪರಿಹಾರ ಕೊಟ್ಟು, ಆಮೇಲೆ ಅಷ್ಟನ್ನೂ ನನ್ನತ್ರ ವಸೂಲಿ ಮಾಡ್ತಾರೆ. ಗುಬ್ಬೀಲಿರೋ ತೋಟ ಹೋಯ್ತದೆ.”

ಮಗನ ಜೈಲಿಗೆ ನಡುಗದ ದನಿ ತೋಟದ ಮಾತು ಬಂದಾಗ ನಡುಗಿತು.

“ನಾನೇ ಓಡಿಸ್ತಿದ್ದೆ ಅಂತ ನೀವು ಬರ್ಕೊಡಿ. ಕುಡಿಯದೋರಿಗೆ ಬೇಲು ಬೇಗ ಸಿಗ್ತದೆ.”

“ನನ್ನ ತಮ್ಮ ಕಣ್ರೀ” ಎಂದು ಹೆಂಡತಿ ತೇಜಸ್ವಿನಿ ಬಾಗಿಲಲ್ಲಿ ನಿಂತು ಅತ್ತಳು. ಗಂಡನಿಗಾಗಿ ಅವಳು ಹೀಗೆ ಅತ್ತದ್ದನ್ನು ಅನಂತರಾಜು ಎಂದೂ ಕಂಡಿರಲಿಲ್ಲ.

“ನಂಗೇನಾದ್ರೂ ಆದ್ರೆ ನಮ್ಮವ್ವಂಗೆ ಯಾರಿದಾರೆ ಮಾವ?”

ಅವನ ತಾಯಿ ಚಿಕ್ಕಗಂಗಮ್ಮ ಗೂಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಹೂ ಕಟ್ಟಿ ಮಾರುತ್ತಿದ್ದಳು. ಮಗನನ್ನು ನೋಡಲು ಬಂದರೆ ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು ಕಳಿಸುತ್ತಿದ್ದರು. ಅವ್ವ ತನ್ನ ಜೊತೆಗಿರಲಿ ಎಂಬುದೊಂದೇ ಅನಂತರಾಜು ಈ ಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಾಳಯ್ಯ ಅವನ ಭುಜ ಹಿಡಿದರು. “ನಿಮ್ಮವ್ವನ ಚಿಂತೆ ಇನ್ನು ಬುಡಿ. ನಾಳೆ ನಾನೇ ಮುಂದೆ ನಿಂತು ಈ ಮನೆಗೆ ಕರ್ಕೊಂಡು ಬರ್ತೀನಿ. ಯಾರೂ ಬ್ಯಾಡ ಅನ್ನಲ್ಲ.”

ಅನಂತರಾಜುವಿನ ಕಣ್ಣು ತುಂಬಿತು. ಇಷ್ಟು ಸಿಗುವುದಾದರೆ ಜೈಲಿಗೂ ಸೈ ಅನ್ನಿಸಿತು ಪಾಪದವನಿಗೆ. ಅವ್ವನಿಗೆ ಈಗಲೇ ಹೇಳೋಣವೆಂದು ಮೊಬೈಲು ತೆಗೆದ. ಕಾಳಯ್ಯ ಅದನ್ನು ಮೆಲ್ಲಗೆ ಕಸಿದುಕೊಂಡರು.

“ಆಮೇಲೆ ಮಾಡೀರಂತೆ. ಮೊದ್ಲು ಸ್ಟೇಷನ್ನು.”

ಸ್ಟೇಷನ್ನಿನಲ್ಲಿ ಮಿಷನ್ ಸೊನ್ನೆ ತೋರಿಸಿತು. ಎಎಸ್‌ಐ ವೆಂಕಟರಂಗಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಕುಡಿದೇ ಇರೋನು ಹಾಡಹಗಲಲ್ಲಿ ಹೆಂಗಯ್ಯಾ ಗುದ್ದಿದೆ?”

“ಆಯಮ್ಮನ್ನ ನಾನು ನೋಡ್ಲೇ ಇಲ್ಲ ಸಾರ್.”

ಅಲ್ಲಿ ಅವನು ಆಡಿದ ಒಂದೇ ಒಂದು ನಿಜವಾದ ಮಾತು ಅದು. ಹೇಳಿಕೆಗೆ ಸಹಿ ಹಾಕಿ ಪೆನ್ನು ಕೆಳಗಿಟ್ಟ.

“ಅವರ ಮನೆಯೋರು ಬಂದವ್ರಾ ಸಾರ್? ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ.”

“ಇನ್ನೂ ಯಾರೂ ಬಂದಿಲ್ಲ. ಕೂತ್ಕೋ” ಎಂದರು ಎಎಸ್‌ಐ.

ಹೊರಗೆ ಹೊಂಗೆ ಮರದ ಕೆಳಗೆ ಕಾಳಯ್ಯ ವಕೀಲ ಸೋಮಶೇಖರ್‌ಗೆ ಫೋನು ಹಚ್ಚಿದ್ದರು.

“ಇನ್ನು ಪರಿಹಾರ ಕೇಳೋರೂ ಇಲ್ಲ, ಇನ್ಶೂರೆನ್ಸ್‌ನೋರು ಬಂದು ಕೆದಕೋದೂ ಇಲ್ಲ ಸಾರ್; ಸತ್ತ ಚಿಕ್ಕಗಂಗಮ್ಮಂಗೆ ಇದ್ದಿದ್ದು ಒಬ್ನೇ ಮಗ, ಕಾರು ಓಡಿಸಿದ್ದು ನಾನೇ ಅಂತ ಈಗ ಅವ್ನೇ ಸೈನ್ ಹಾಕವ್ನೆ.”