ಪುಣೆಯೋ, ಧಾರವಾಡವೋ

ಮೊಮ್ಮಗಳಿಗೆ ಡಿಗ್ರಿ ಓದಲು ಎರಡು ಕಡೆ ಸೀಟು ಸಿಕ್ಕಿತ್ತು. ಧಾರವಾಡದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಫೀಸು ಕಡಿಮೆ, ನಮ್ಮೂರಿಂದ ದಿನಾ ಬಸ್ಸಿದೆ. ಪುಣೆಯದು ಖಾಸಗಿ, ಬಹಳ ತುಟ್ಟಿ, ಹಾಸ್ಟೆಲ್ ಖರ್ಚು ಬೇರೆ. ಹುಡುಗಿಗೆ ಪುಣೆಯ ಆಸೆ. ನನ್ನ ಮಗನೂ ಮಗಳು ಪುಣೆಗೆ ಹೋಗುತ್ತಾಳೆಂದು ಕಂಡವರಿಗೆಲ್ಲ ಹೇಳಿಬಿಟ್ಟಿದ್ದ.

ಅಂದು ಊಟಕ್ಕೆ ಕುಳಿತಾಗ ಹುಡುಗಿ ತಲೆ ತಗ್ಗಿಸಿಕೊಂಡೇ ಅಂದಳು, "ಅಪ್ಪಾ, ನಾ ಧಾರವಾಡಕ್ಕ ಹೋಗ್ತೀನಿ."

"ಯಾಕ? ರೊಕ್ಕದ ಚಿಂತಿ ನಿನಗ್ಯಾಕವಾ?"

"ಪುಣೇದ ರೊಕ್ಕದಾಗ ಇಲ್ಲಿ ಇಬ್ರು ಓದಬಹುದು."

"ಇಬ್ರಾ? ನಿನ್ನ ತಮ್ಮ ಇನ್ನೂ ಮಗ್ಗಿ ಬಾಯಿಪಾಠ ಮಾಡಾಕತ್ತಾನ."

"ತಮ್ಮಗಲ್ಲ. ಅವ್ವಗ."

ಮಗನಿಗೆ ಬಿಕ್ಕಳಿಕೆ ಬಂತು. ಸೊಸೆ ಒಲೆಯ ಮುಂದೆ ಕುಳಿತು ಖಾನಾವಳಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದಳು. ಪಿಯುಸಿ ಪಾಸಾದ ವರ್ಷವೇ ಈ ಮನೆಗೆ ಬಂದವಳು. ಅವಳ ಟ್ರಂಕಿನಲ್ಲಿ ಸೀರೆಗಿಂತ ಪುಸ್ತಕವೇ ಹೆಚ್ಚಿದ್ದದ್ದು ನನಗಿನ್ನೂ ನೆನಪಿದೆ.

"ಈ ವಯಸ್ಸಿನ್ಯಾಗ ಕಾಲೇಜ?" ಮಗ ನನ್ನ ಕಡೆ ತಿರುಗಿದ. "ಅವ್ವಾ, ನೀನರ ಹೇಳು."

ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

"ನಾ ಪುಣೆ ಬಿಟ್ಟೆ. ಅವ್ವ ಓದ್ಲಿ," ಎನ್ನುತ್ತ ಹುಡುಗಿ ಅತ್ತೇಬಿಟ್ಟಳು.

ಸೊಸೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. "ನೀ ಸುಮ್ನ ಪುಣೇಕ ಹೋಗವಾ. ಧಾರವಾಡದಾಗ ನನ್ನ ಫೀಸು ರೊಟ್ಟಿ ರೊಕ್ಕದಾಗ ಹೋದ ವಾರಾನ ಕಟ್ಟಿ ಬಂದೀನಿ."